ಹಾಕಿಸಿದ ಖರ್ಚು ಬೇರೆ, ಗಾಡಿಯ ಬೆಲೆ ಬೇರೆ

ಬಳ್ಳಾರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಳೆ ಗಾಡಿಗಳಿಗೆ ಬೆಲೆ ಕಟ್ಟುವುದೇ ನನ್ನ ಕೆಲಸ. ಬ್ಯಾಂಕಿನವರಿಗೆ, ವಿಮೆಯವರಿಗೆ, ಅಣ್ಣತಮ್ಮಂದಿರ ಪಾಲು ಹಂಚಿಕೆಗೆ ಕೂಡ ಕಟ್ಟಿಕೊಟ್ಟಿದ್ದೇನೆ. ಥಾರ್, ಜಿಪ್ಸಿ, ಗೂರ್ಖಾ, ಹಳೆ ಮಹೀಂದ್ರಾ ಜೀಪು ಇಟ್ಟುಕೊಂಡವರ ಪ್ರಶ್ನೆ ಮಾತ್ರ ವರ್ಷವರ್ಷವೂ ಒಂದೇ: “ಇಷ್ಟು ಲಕ್ಷ ಸುರಿದಿದ್ದೇನೆ, ಎಷ್ಟು ವಾಪಸ್ ಬರುತ್ತದೆ?” ಹೇಳಿ ಹೇಳಿ ಬಾಯಿ ಸೋತಿದೆ. ಅದಕ್ಕೇ ಈ ಸಲ ಒಂದೇ ಗಾಡಿಯ ಲೆಕ್ಕವನ್ನು ಪೂರ್ತಿ ಬಿಡಿಸಿ ಬರೆಯುತ್ತೇನೆ. ಆರ್‌ಸಿ, ವಿಮೆ, ಹೊಗೆ ಪ್ರಮಾಣಪತ್ರ ಇರಬೇಕು, ಗಾಡಿ ತೊಳೆದು ತೋರಿಸಬೇಕು ಎಂಬುದೆಲ್ಲ ನಿಮಗೆ ಗೊತ್ತಿರುವುದೇ.

ಪ್ರಶ್ನೆ: ನನ್ನದು 2021ರ ಥಾರ್, ಡೀಸೆಲ್, ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಳೆತವಿರುವುದು), ಕೆಎ-37 ನಂಬರ್. ಆಗ ರಸ್ತೆಗಿಳಿಸಲು 16 ಲಕ್ಷ ಆಗಿತ್ತು. ಆಮೇಲೆ 3.80 ಲಕ್ಷ ಹಾಕಿದ್ದೇನೆ: ದೊಡ್ಡ ಟೈರು, ಅಲಾಯ್ 1.40 ಲಕ್ಷ, ಮುಂದೆ ಹಿಂದೆ ಸ್ಟೀಲ್ ಬಂಪರ್ 75 ಸಾವಿರ, ಗಾಡಿ ಎತ್ತರ ಮಾಡುವ ಲಿಫ್ಟ್ ಕಿಟ್ 70 ಸಾವಿರ, ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್ 55 ಸಾವಿರ, ಲೈಟ್ ಬಾರ್ 22 ಸಾವಿರ, ನೀರಿಗಿಳಿದಾಗ ಎಂಜಿನ್‌ಗೆ ಮೇಲಿನಿಂದ ಗಾಳಿ ಕೊಡುವ ಸ್ನಾರ್ಕೆಲ್ ಕೊಳವೆ 18 ಸಾವಿರ. ಮೀಟರಿನಲ್ಲಿ 61,000 ಕಿ.ಮೀ. ಇದೆ. ಏನೂ ಹಾಕಿಸದ ಇದೇ ವರ್ಷದ ಐದು ಗಾಡಿಗಳಿಗೆ 11.20, 11.50, 11.80, 12.10, 12.60 ಲಕ್ಷ ಕೇಳುತ್ತಿದ್ದಾರೆ. ನಾನು 15 ಲಕ್ಷ ಎಂದರೆ ಡೀಲರ್ 9 ಎನ್ನುತ್ತಾನೆ. ನ್ಯಾಯವಾದ ಬೆಲೆ ಎಷ್ಟು? — ಓದುಗರು, ಕೊಪ್ಪಳ

ಉತ್ತರ: ಮೊದಲು ಆ 16 ಲಕ್ಷವನ್ನು ಮರೆತುಬಿಡಿ. ಕೊಳ್ಳುವವನು ನಿಮ್ಮ 2021ರ ಬಿಲ್ಲು ನೋಡುವುದಿಲ್ಲ, ಇವತ್ತಿನ ಶೋರೂಂ ಬೆಲೆ ನೋಡುತ್ತಾನೆ. 2025ರ ಸೆಪ್ಟೆಂಬರ್ 22ರಿಂದ ಇಂಥ ಗಾಡಿಗಳ ಮೇಲಿದ್ದ 28% ಜಿಎಸ್‌ಟಿ, ಅದರ ಮೇಲಿನ ಸೆಸ್ ಎರಡೂ ಸೇರಿದ ಹೆಚ್ಚಿನ ತೆರಿಗೆ ಹೋಗಿ ಒಟ್ಟು 40% ಮಾತ್ರ ಆಯಿತು. ಹೊಸ ಗಾಡಿಯ ಬೆಲೆ ಇಳಿದ ದಿನವೇ ನಿಮ್ಮ ಹಳೆ ಗಾಡಿಯ ಬೆಲೆಯೂ ಇಳಿಯಿತು. ನೀವು ಮನೆ ಮುಂದೆ ನಿಲ್ಲಿಸಿ ಬಟ್ಟೆ ಹೊದಿಸಿ ಇಟ್ಟಿದ್ದರೂ ಅಷ್ಟೇ.

ನೀವು ಕಳಿಸಿದ ಐದು ಬೆಲೆಗಳ ಪಟ್ಟಿ ಒಳ್ಳೆಯ ಕೆಲಸ, ಬಹಳ ಜನ ಅಷ್ಟೂ ಮಾಡುವುದಿಲ್ಲ. ಆದರೆ ಅವು ಕೇಳುವ ಬೆಲೆಗಳು, ಮಾರಿಹೋದ ಬೆಲೆಗಳಲ್ಲ. ನಡುವಿನದು 11.80. ನಮ್ಮ ಕಡೆ ಕೂತು ಮಾತಾಡಿದರೆ ಇಂಥ ಗಾಡಿಗೆ ಸುಮಾರು 50 ಸಾವಿರ ಇಳಿಯುತ್ತದೆ. ಹಾಗಾಗಿ ಏನೂ ಹಾಕಿಸದ ಗಾಡಿಯಾಗಿದ್ದರೆ ನಿಮ್ಮದು 11.30 ಲಕ್ಷದ್ದು. ನಮ್ಮ ಲೆಕ್ಕ ಇಲ್ಲಿಂದ ಶುರು.

ಈಗ ಒಂದೊಂದೇ ಸಾಮಾನು ನೋಡೋಣ. ಬಿಚ್ಚಿ ತೆಗೆದರೆ ಗಾಡಿ ಮೊದಲಿನ ಹಾಗೆ ಆಗುವುದಕ್ಕೆ ಸ್ವಲ್ಪ ಬೆಲೆ ಉಂಟು. ಕೊರೆದದ್ದು, ಕತ್ತರಿಸಿದ್ದು, ವೆಲ್ಡ್ ಮಾಡಿದ್ದು ಬೆಲೆಯನ್ನು ಕೆಳಗೆ ಎಳೆಯುತ್ತದೆ.

ಟೈರು, ಅಲಾಯ್. ಕಂಪನಿಯ 255/65 ಆರ್ 18 ತೆಗೆದು 285/70 ಆರ್ 17 ಹಾಕಿಸಿದ್ದೀರಿ. ನೀವು ಕಳಿಸಿದ ಫೋಟೋದಲ್ಲಿ ಟೈರಿನ ಪಕ್ಕದಲ್ಲಿ 2922 ಎಂದು ಅಚ್ಚೊತ್ತಿದೆ. ಅಂದರೆ 2022ನೇ ವರ್ಷದ 29ನೇ ವಾರದಲ್ಲಿ ತಯಾರಾದ ಟೈರು. ಇನ್ನೂ ಗಟ್ಟಿ ಇದೆ ಎಂದು ನೀವು ಹೇಳುತ್ತೀರಿ, ನಮ್ಮ ಬೇಸಿಗೆಯ 40 ಡಿಗ್ರಿ ಬಿಸಿಲು ಬೇರೆಯದನ್ನೇ ಹೇಳುತ್ತದೆ. ಸೆಟ್ಟಿಗೆ 30 ಸಾವಿರ ಹಿಡಿಯೋಣ. ಕಂಪನಿಯ ಚಕ್ರಗಳು ಅಟ್ಟದ ಮೇಲಿವೆ ಎಂದು ಬರೆದಿದ್ದೀರಿ, ನಿಮ್ಮ ಪತ್ರದಲ್ಲಿ ನನಗೆ ಬಹಳ ಸಮಾಧಾನ ತಂದ ಸಾಲು ಅದು. ಅವನ್ನೇ ಹಾಕಿ ಮಾರಿ, ಈ ಸೆಟ್ಟನ್ನು ಬೇರೆ ಮಾರಿ.

ಟೈರಿನ ಜೊತೆಗೆ ಮೀಟರಿನ ವಿಷಯವೂ ಇದೆ. ಕಂಪನಿ ಟೈರಿನ ಹೊರ ವ್ಯಾಸ ಸುಮಾರು 789 ಮಿ.ಮೀ., ನಿಮ್ಮದರದ್ದು ಸುಮಾರು 831. ದೊಡ್ಡ ಚಕ್ರ ಒಂದು ಸುತ್ತಿಗೆ 5.3% ಹೆಚ್ಚು ದೂರ ಹೋಗುತ್ತದೆ, ಅದು ಮೀಟರಿಗೆ ಗೊತ್ತಾಗುವುದಿಲ್ಲ. 18,000 ಕಿ.ಮೀ. ಆದಾಗ ಟೈರು ಬದಲಿಸಿದ್ದೀರಿ, ಆಮೇಲೆ ಮೀಟರಿನಲ್ಲಿ 43,000 ಓಡಿದೆ, ನಿಜಕ್ಕೆ ಓಡಿದ್ದು ಸುಮಾರು 45,300. ಒಟ್ಟು 63,300. ಬೆಲೆಗೆ ಇದರಿಂದ ದೊಡ್ಡ ಪೆಟ್ಟೇನೂ ಇಲ್ಲ. ಆದರೆ ಕೊಳ್ಳುವವನು ತಾನೇ ಲೆಕ್ಕ ಹಾಕಿ ಹಿಡಿದರೆ ಆಮೇಲೆ ನಿಮ್ಮ ಒಂದು ಮಾತನ್ನೂ ನಂಬುವುದಿಲ್ಲ. ನೀವೇ ಮೊದಲು ಹೇಳಿ.

ಲಿಫ್ಟ್ ಕಿಟ್‌ಗೆ ಸೊನ್ನೆ. ನಿಮಗೆ ಬೇಸರವಾಗುತ್ತದೆ, ಗೊತ್ತು. ಹೋದ ತಿಂಗಳು ಸಂಡೂರಿನ ಕಡೆಯ ಒಂದು ಥಾರ್ ಕೆಳಗೆ ಮಲಗಿ ನೋಡಿದೆ. ಎತ್ತರ ಮಾಡಿದ್ದರಿಂದ ಮುಂದಿನ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಓರೆಯಾಗಿ ನಿಂತಿತ್ತು. ಆ ಶಾಫ್ಟಿನ ತುದಿಯ ಸಿವಿ ಜಾಯಿಂಟಿಗೆ ಹೊದಿಸಿದ ರಬ್ಬರ್ ಬೂಟು ಮಡಿಕೆಯಲ್ಲಿ ಒಂದು ಬೆರಳು ಹೋಗುವಷ್ಟು ಹರಿದಿತ್ತು. ಒಳಗಿನ ಗ್ರೀಸು ಅದಿರಿನ ಧೂಳು ಕುಡಿದು ಕುಂಕುಮ ಕಲಸಿದ ಹಾಗೆ ಕೆಂಪಗಾಗಿತ್ತು. ಬೆರಳಲ್ಲಿ ತಿಕ್ಕಿದರೆ ಮರಳು ಸಿಕ್ಕಿದಂತೆ ಗರಗರ. ಆ ಜಾಯಿಂಟು ತನ್ನನ್ನು ತಾನೇ ಅರೆದುಕೊಳ್ಳುತ್ತಿತ್ತು. ಮಾಲೀಕರು ಮಾತ್ರ ಕಿಟ್‌ನ ಬಿಲ್ಲು ಹಿಡಿದು ಪಕ್ಕದಲ್ಲಿ ನಿಂತಿದ್ದರು. ತಿಳಿದ ಗಿರಾಕಿ ಎತ್ತರದ ಗಾಡಿ ಕಂಡರೆ ಮೊದಲು ಕೆಳಗೆ ಬಗ್ಗುತ್ತಾನೆ. ನಿಮ್ಮ ನಾಲ್ಕೂ ಬೂಟು ಸರಿಯಿದ್ದರೆ ಸೊನ್ನೆಗೇ ನಿಲ್ಲುತ್ತದೆ, ಹರಿದಿದ್ದರೆ ರಿಪೇರಿ ಖರ್ಚನ್ನು ಕಳೆಯಿರಿ.

ಸ್ಟೀಲ್ ಬಂಪರ್ ನಿಮ್ಮ ಪಟ್ಟಿಯಲ್ಲಿ ನನ್ನನ್ನು ಬಹಳ ಕೆರಳಿಸಿದ್ದು. ಗಾಡಿ ಮುಂದೆ ಹಾಕುವ ಇಂಥ ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ಕಾನೂನಿಗೆ ವಿರುದ್ಧ, ಕ್ರಮ ತೆಗೆದುಕೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ಗುದ್ದಿದಾಗ ಕುಗ್ಗಿ ಪೆಟ್ಟು ನುಂಗಬೇಕಾದ ಮುಂಭಾಗವನ್ನು ಅದು ಕುಗ್ಗಲು ಬಿಡುವುದಿಲ್ಲ. ಏರ್‌ಬ್ಯಾಗ್ ಯಾವಾಗ ತೆರೆಯಬೇಕು ಎಂಬ ಲೆಕ್ಕವೂ ತಪ್ಪಬಹುದು. ದಾರಿಯಲ್ಲಿ ನಡೆದು ಹೋಗುವವನಿಗಂತೂ ಅದು ಯಮ. ನೀವು ಕಂಪನಿಯ ಬಂಪರ್‌ಗಳನ್ನು ಗುಜರಿಗೆ ಹಾಕಿದ್ದೀರಂತೆ. ಈಗ ಎರಡನ್ನೂ ಕೊಂಡು ಹಾಕಿಸಿ, 28 ಸಾವಿರ ಎತ್ತಿಡಿ.

ಸ್ನಾರ್ಕೆಲ್‌ಗಾಗಿ ಚಕ್ರದ ಮೇಲಿನ ತಗಡು, ಅಂದರೆ ಫೆಂಡರ್ ಕೊರೆಸಿದ್ದೀರಿ. ತುಂಗಭದ್ರೆಯಲ್ಲಿ ಈಜಿಸುವ ಆಸೆ ನಿಮಗಿರಬಹುದು, ಗಿರಾಕಿಗೆ ಮಾತ್ರ ಅದನ್ನು ನೋಡಿದ ಕೂಡಲೇ “ಈ ಗಾಡಿ ನೀರಲ್ಲಿ ಇಳಿದಿದೆ” ಎಂಬ ಅನುಮಾನ. ಕಾರ್ಪೆಟ್ ಎತ್ತುತ್ತಾನೆ, ಸೀಟ್ ಬೆಲ್ಟ್ ಪೂರ್ತಿ ಎಳೆದು ತುದಿಯಲ್ಲಿ ಕೆಸರಿನ ಗೆರೆ ಹುಡುಕುತ್ತಾನೆ. ಫೆಂಡರ್, ಪೇಂಟು ಸೇರಿ 12 ಸಾವಿರ ಕಳೆಯಿರಿ. ಲೈಟ್ ಬಾರ್‌ಗಾಗಿ ಕಂಪನಿಯ ವೈರ್ ಕತ್ತರಿಸಿ ಟೇಪು ಸುತ್ತಿದ್ದನ್ನು ಒಳ್ಳೆಯ ಎಲೆಕ್ಟ್ರಿಷಿಯನ್ ಕೈಯಲ್ಲಿ ಸರಿ ಮಾಡಿಸಲು 10 ಸಾವಿರ. ವಿಂಚನ್ನು ಗಾಡಿಯ ಜೊತೆ ಕೊಡಬೇಡಿ. ಬಿಚ್ಚಿ ಬೇರೆ ಮಾರಿದರೆ 25 ಸಾವಿರ ಬಂದೀತು, ಜೊತೆಗೆ ಕೊಟ್ಟರೆ ಅದಕ್ಕೆ ಯಾರೂ ಐದು ಸಾವಿರ ಹೆಚ್ಚು ಕೊಡುವುದಿಲ್ಲ.

ಈಗ ಕೂಡಿಸಿ. ಬಂಪರ್, ಫೆಂಡರ್, ವೈರಿಂಗ್ ಸೇರಿ 28, 12, 10, ಒಟ್ಟು 50 ಸಾವಿರ. 11.30ರಲ್ಲಿ ಅದು ಹೋದರೆ 10.80. ದೊಡ್ಡ ಟೈರು ಬೇಕೆನ್ನುವ ಗಿರಾಕಿ ಸಿಕ್ಕರೆ ಮೇಲೆ 30 ಸಾವಿರ, 11.10. ಈಗಿದ್ದ ಹಾಗೇ ಮಾರುವುದಾದರೆ ಇದೇ ನ್ಯಾಯವಾದ ಬೆಲೆ. 11.50 ಕೇಳಿ, 10.80ಕ್ಕಿಂತ ಕೆಳಗೆ ಇಳಿಯಬೇಡಿ. ಆ 50 ಸಾವಿರ ನೀವೇ ಖರ್ಚು ಮಾಡಿ ಕಂಪನಿಯ ರೂಪಕ್ಕೆ ತಂದರೆ 11.30 ಸಿಗುತ್ತದೆ, ಅದಕ್ಕಿಂತ ಮುಖ್ಯವಾಗಿ ಬೇಗ ಸಿಗುತ್ತದೆ. ನಿಮ್ಮ 3.80 ಲಕ್ಷದಲ್ಲಿ ಟೈರು, ವಿಂಚು, ಲೈಟು ಬಿಡಿಯಾಗಿ ಮಾರಿ ಕೈಗೆ ಬರುವುದು 60 ಸಾವಿರ ಚಿಲ್ಲರೆ. ಉಳಿದದ್ದು ನೀವು ನಾಲ್ಕು ವರ್ಷ ಖುಷಿಪಟ್ಟ ಖರ್ಚು. ಅದನ್ನು ಇನ್ನೊಬ್ಬನಿಂದ ವಸೂಲಿ ಮಾಡುವುದು ನ್ಯಾಯವಲ್ಲ.

ಇನ್ನು ಆ ಡೀಲರ್. 9 ಎಂದದ್ದಕ್ಕೆ ಅವನನ್ನು ಕಳ್ಳ ಎಂದು ಬರೆದಿದ್ದೀರಿ. ಅವನು ಬಂಪರ್ ಹಾಕಿಸಬೇಕು, ತಿಂಗಳುಗಟ್ಟಲೆ ನಿಲ್ಲಿಸಿಕೊಳ್ಳಬೇಕು, ಲಾಭದ ಮೇಲೆ 18% ಜಿಎಸ್‌ಟಿ ಕಟ್ಟಬೇಕು. ಕಂಪನಿಯ ರೂಪದಲ್ಲಿ ಒಯ್ದರೆ ಅವನೇ 10ರ ಹತ್ತಿರ ಬರುತ್ತಾನೆ. ಹೆಚ್ಚು ಬೇಕಾದರೆ ನೀವೇ ಗಿರಾಕಿ ಹುಡುಕಿ.

“ಮಾಡಿಫೈ ಗಾಡಿಗೆ ಹುಡುಗರು ಎಷ್ಟಾದರೂ ಕೊಡ್ತಾರ್ರಿ” ಎಂದು ನಿಮ್ಮ ಗ್ಯಾರೇಜಿನವರು ಹೇಳಿದ್ದಾರಂತೆ. ಹುಡುಗರು ಬರುತ್ತಾರೆ, ಫೋಟೋ ತೆಗೆದುಕೊಂಡು ಹೋಗುತ್ತಾರೆ. ಕೊಳ್ಳುವ ಹುಡುಗ ಸಾಲ ಮಾಡಿ ಕೊಳ್ಳುತ್ತಾನೆ. ಸಾಲಕ್ಕೆ ಬೆಲೆ ಕಟ್ಟುವವನು ನಾನು ಅಥವಾ ನನ್ನಂಥವನು. ಆ ಕಾಗದದಲ್ಲಿ ವರ್ಷ, ಮಾಡೆಲ್, ಕಿ.ಮೀ., ಸ್ಥಿತಿ ಬರೆಯುತ್ತೇನೆ, ಎಕ್ಸ್‌ಟ್ರಾ ಫಿಟ್ಟಿಂಗಿಗೆ ಒಂದು ರೂಪಾಯಿ ಬರೆಯುವುದಿಲ್ಲ. ಮೇಲಿನ ಹಣವನ್ನೆಲ್ಲ ಅವನು ಕೈಯಿಂದ ಕೊಡಬೇಕು. ಆ ಕೈ ಖಾಲಿ ಇರುತ್ತದೆ.

“ಆರ್‌ಟಿಒ ಅಪ್ರೂವ್ಡ್ ಕಿಟ್” ಎಂದು ಮಾರುವವರ ಮಾತಂತೂ ಕೇಳಲೇಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ನಿಯಮ ಮೀರಿದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದಾಯಿತು. ಗಾಡಿ ಮಾರಿದ ಮೇಲೆ ಆ ತಲೆನೋವು ಕೊಂಡವನಿಗೂ ಬರಬಹುದು. ಹಾಗಾಗಿ ಏನೇನು ಬದಲಾಗಿದೆ ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. “ಹಂಗ ಹೇಳಿದ್ರ ಗಿರಾಕಿ ಓಡಿ ಹೋಗ್ತಾನ್ರಿ” ಎನ್ನುತ್ತಾರೆ. ಓಡುವವನು ಮುಂಗಡ ಕೊಡುವ ಮೊದಲೇ ಓಡಲಿ.

ಕೊನೆಗೆ ಒಂದು ಮಾತು. ಗಿರಾಕಿ ಫೋರ್ ವೀಲ್ ನೋಡಬೇಕು ಎಂದರೆ ಹೊಲಕ್ಕೆ ಕರೆದುಕೊಂಡು ಹೋಗಿ. ಒಣ ಡಾಂಬರಿನ ಮೇಲೆ ಫೋರ್ ಹೈ (ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಗೇರು) ಹಾಕಿ ತಿರುಗಿಸಲು ಬಿಡಬೇಡಿ. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರ ಬೇರೆ ಬೇರೆ ದೂರ ಹೋಗುತ್ತವೆ. ಸಡಿಲ ಮಣ್ಣಾದರೆ ಚಕ್ರ ಜಾರಿ ಹೊಂದಿಕೊಳ್ಳುತ್ತದೆ, ಡಾಂಬರಿನಲ್ಲಿ ಜಾರದೆ ಎಳೆತವೆಲ್ಲ ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಬೀಳುತ್ತದೆ. ಮಾರುವ ದಿನ ಅದನ್ನು ಮುರಿದುಕೊಂಡವರನ್ನು ನೋಡಿದ್ದೇನೆ.

ಪ್ರಶ್ನೆ: ಹಳೆ ಜೀಪು, ಎಂಜಿನ್ ಬೇರೆ ಹಾಕಿದೆ, ಆರ್‌ಸಿಯಲ್ಲಿ ಹಳೆ ಎಂಜಿನ್ ನಂಬರೇ ಇದೆ. ಹೆಸರು ಬದಲಿಸದೆ ಬಾಂಡ್ ಪೇಪರ್ ಮೇಲೆ ಬರೆದುಕೊಟ್ಟರೆ ಸಾಕು ಎಂದು ದಲ್ಲಾಳಿ ಹೇಳುತ್ತಾನೆ. ಎಷ್ಟು ಕೇಳಲಿ? — ಓದುಗರು, ಸಿಂಧನೂರು

ಉತ್ತರ: ಎಂಜಿನ್ ಬದಲಾವಣೆ ಆರ್‌ಟಿಒ ಒಪ್ಪಿಗೆಯೊಂದಿಗೆ ಆರ್‌ಸಿಗೆ ಏರುವವರೆಗೆ ಅದಕ್ಕೆ ಬೆಲೆಯೇ ಇಲ್ಲ, ತೂಕ ಮಾತ್ರ ಇದೆ. ಬಾಂಡ್ ಪೇಪರ್ ಮಾತು ಹೇಳುವ ದಲ್ಲಾಳಿಯನ್ನು ಅಂಗಳದಿಂದಲೇ ಕಳಿಸಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಎಂದು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾನೇ ಒಮ್ಮೆ ಪರಿಚಯದವರೊಬ್ಬರಿಗೆ ಹೆಸರು ಬದಲಾವಣೆಯ 29, 30ನೇ ಫಾರಂಗಳಿಗೆ ಸಹಿ ಹಾಕಿ ಜೀಪು ಕೊಟ್ಟುಬಿಟ್ಟೆ. ಅವರು ಹೆಸರು ಬದಲಿಸಲಿಲ್ಲ. ಒಂದೂವರೆ ವರ್ಷದ ಮೇಲೆ ಆ ಜೀಪು ಒಬ್ಬ ಸೈಕಲ್ ಸವಾರನಿಗೆ ಗುದ್ದಿತು, ಸಮನ್ಸ್ ಬಂದದ್ದು ನನ್ನ ಮನೆಗೆ. ಆ ಹುಡುಗನ ತಾಯಿ ಕೋರ್ಟಿನ ಕಟ್ಟೆಯ ಮೇಲೆ ಕೂತಿದ್ದು ಇವತ್ತಿಗೂ ಕಣ್ಣ ಮುಂದಿದೆ. ಅಂದಿನಿಂದ ಹೆಸರು ಬದಲಾಗದೆ ಕೀಲಿ ಕೊಟ್ಟವನಲ್ಲ, ನೀವೂ ಕೊಡಬೇಡಿ.

ಪ್ರಶ್ನೆ: ಇಸಿಯು ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಫೈಲ್ ಬದಲಾವಣೆ) ಮಾಡಿಸಿದ್ದೇನೆ, ಪವರ್ ಹೆಚ್ಚಿದೆ. ಬೆಲೆಗೆ ಎಷ್ಟು ಸೇರಿಸಲಿ? — ಓದುಗರು, ಹೊಸಪೇಟೆ

ಉತ್ತರ: ಏನೂ ಸೇರಿಸಬೇಡಿ. ಕಂಪನಿಯ ಫೈಲ್ ಮತ್ತೆ ಹಾಕಿಸಿ ಮಾರಿ.

ಪ್ರಶ್ನೆ: ಮೀಟರ್ ಹಿಂದಕ್ಕೆ ಮಾಡಿಸಿದರೆ 40 ಸಾವಿರ ಹೆಚ್ಚು ಬರುತ್ತದಂತೆ, ಹೌದಾ? — ಹೆಸರು ಬೇಡ ಎಂದವರು

ಉತ್ತರ: ಅದು ಮೋಸ. ಇಂಥದನ್ನು ನನಗೆ ಬರೆಯಬೇಡಿ.

ಪ್ರಶ್ನೆ: ರಾಯಚೂರಿನಲ್ಲಿದ್ದೇನೆ, ನನ್ನ ಜಿಪ್ಸಿಗೆ ತೆಲಂಗಾಣದ ನಂಬರ್. ಇಲ್ಲಿನ ಗಿರಾಕಿ ಬಹಳ ಕಡಿಮೆ ಕೇಳುತ್ತಾರೆ, ಯಾಕೆ? — ಓದುಗರು

ಉತ್ತರ: ಅಲ್ಲಿಂದ ಎನ್‌ಒಸಿ ತಂದು ಇಲ್ಲಿ ತೆರಿಗೆ ಕಟ್ಟಿ ಕೆಎ-36 ಮಾಡಿಸುವ ಖರ್ಚು, ಓಡಾಟ ಎರಡನ್ನೂ ಅವರು ಕಳೆದು ಕೇಳುತ್ತಾರೆ, ಸರಿಯಾಗಿಯೇ ಕೇಳುತ್ತಾರೆ. ಗಡಿ ದಾಟಿ ಗದ್ವಾಲ್ ಕಡೆ ಮಾರಿ.

ಪ್ರಶ್ನೆ: ಯಾವ ತಿಂಗಳು ಮಾರಿದರೆ ಒಳ್ಳೆಯದು? — ಓದುಗರು, ಗಂಗಾವತಿ

ಉತ್ತರ: ನಿಮ್ಮೂರಲ್ಲಿ ಭತ್ತದ ದುಡ್ಡು ಕೈಗೆ ಬಂದಾಗ. ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಡದ ವರ್ಷವಾದರೆ ಕಾಯಬೇಡಿ, ಮೊದಲ ಕೊಯ್ಲು ಮುಗಿದ ವಾರವೇ ಮಾರಿಬಿಡಿ.