ದೋಣಿ ಟ್ರೈಲರ್‌ನ ಬೇರಿಂಗ್ ಆರೇ ತಿಂಗಳಿಗೆ ಹೋಗುವುದೇಕೆ?

ಮಲ್ಪೆಯಲ್ಲಿ ದೋಣಿ ಇಳಿಸುವ ಸಣ್ಣ ಟ್ರೈಲರ್, ತಿಂಗಳಿಗೊಮ್ಮೆ ಡಸ್ಟ್ ಕ್ಯಾಪ್‌ನ (ಚಕ್ರದ ನಡುವಿನ ಮುಚ್ಚಳದ) ನಿಪ್ಪಲ್‌ಗೆ ಗ್ರೀಸ್ ಹೊಡೆಯುತ್ತೇನೆ, ಆದರೂ ಎರಡನೇ ಸಲ ಬೇರಿಂಗ್ ಗರಗರ ಎನ್ನುತ್ತಿದೆ ಎಂದಿದ್ದೀರಿ. ಗ್ರೀಸ್ ಕಡಿಮೆಯಾಗಿ ಹೀಗಾಗಿದೆ ಎಂದು ನನಗೆ ಅನ್ನಿಸುವುದಿಲ್ಲ. ಒಳಗೆ ಉಪ್ಪುನೀರು ಸೇರಿದೆ.

ಹೆದ್ದಾರಿಯಲ್ಲಿ ಓಡಿ ಬಂದ ಹಬ್, ಅಂದರೆ ಬೇರಿಂಗ್‌ಗಳು ಕೂರುವ ಚಕ್ರದ ನಡುಭಾಗ, ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಹಾಗೇ ನೀರಿಗಿಳಿಸಿದರೆ ಗಾಳಿ ಥಟ್ಟನೆ ಕುಗ್ಗಿ, ಹಬ್‌ನ ಹಿಂಬದಿಯ ಆಯಿಲ್ ಸೀಲ್‌ನ (ರಬ್ಬರ್ ಬಳೆಯ) ಅಂಚಿನ ಸಂದಿಯಿಂದ ನೀರನ್ನು ಒಳಗೆಳೆಯುತ್ತದೆ. ಆದ್ದರಿಂದ ದಡದಲ್ಲಿ ಅರ್ಧ ಗಂಟೆ ನಿಲ್ಲಿಸಿ, ಹಬ್ ಮುಟ್ಟಿ ನೋಡಿ, ತಣ್ಣಗಾದ ಮೇಲೆ ಇಳಿಸಿ. ಕಡಲಿನ ಬದಲು ಹೊಳೆಯಲ್ಲಿ ಇಳಿಸಿದರಾಯಿತು ಅಂದುಕೊಳ್ಳಬೇಡಿ, ಅಳಿವೆಯ ಹತ್ತಿರ ಉಬ್ಬರದ ಹೊತ್ತಿಗೆ ಅದೂ ಉಪ್ಪೇ. ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆಯಿರಿ. ಪ್ರೆಷರ್ ವಾಷರ್ ಮಾತ್ರ ಸೀಲ್ ಕಡೆಗೆ ಹಿಡಿಯಬೇಡಿ.

ಇನ್ನು ಆ ನಿಪ್ಪಲ್. ಆಕ್ಸಲ್‌ನೊಳಗೆ ಗ್ರೀಸ್ ದಾರಿ ಕೊರೆದಿರದಿದ್ದರೆ, ಕ್ಯಾಪ್‌ನಿಂದ ಹೊಡೆದ ಗ್ರೀಸ್ ಹೊರಗಿನ ಬೇರಿಂಗ್ ಹತ್ತಿರವೇ ಉಳಿಯುತ್ತದೆ, ಒಳಗಿನದಕ್ಕೆ ಸರಿಯಾಗಿ ತಲುಪುವುದಿಲ್ಲ. ಜೋರಾಗಿ ಒತ್ತಿದರೆ ಹಿಂಬದಿಯ ಸೀಲ್ ಕಿತ್ತು ಬರುತ್ತದೆ, ಆಮೇಲೆ ನೀರಿಗೆ ಬಾಗಿಲೇ ತೆರೆದಂತೆ. ಕಡಲಿಗಿಳಿಯುವ ಟ್ರೈಲರ್‌ಗೆ ಆರು ತಿಂಗಳಿಗೊಮ್ಮೆ ಹಬ್ ಬಿಚ್ಚುವುದೇ ಸರಿ.

ಬಿಚ್ಚಿದಾಗ ಗ್ರೀಸ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಎಲ್ಲವನ್ನೂ ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆದು ಒಣಗಿಸಿ. ಗಾಳಿ ಪೈಪ್ ಹಿಡಿದು ಬೇರಿಂಗನ್ನು ಗಿರಗಿರ ತಿರುಗಿಸಬೇಡಿ, ಗ್ರೀಸಿಲ್ಲದೆ ತಿರುಗಿ ರೋಲರ್ ಗೀರುತ್ತದೆ, ರೋಲರ್‌ಗಳನ್ನು ಹಿಡಿದಿಡುವ ಕೇಜ್ ಒಡೆದು ಚೂರು ಸಿಡಿಯಲೂಬಹುದು. ರೋಲರ್‌ನಲ್ಲಿ ತುಕ್ಕಿನ ಗುಳಿ ಅಥವಾ ನೀಲಿ ಛಾಯೆ ಕಂಡರೆ ಬದಲಾಯಿಸಿ, ಹಬ್‌ನಲ್ಲಿ ಕೂತಿರುವ ಕಪ್ (ಬೇರಿಂಗ್‌ನ ಹೊರ ಬಳೆ) ಸಮೇತ. ಹಳೆ ಕಪ್‌ಗೆ ಹೊಸ ರೋಲರ್ ಹಾಕಿದರೆ ದುಡ್ಡು ದಂಡ. ಅಂಗಡಿಗೆ ಹಳೆಯದನ್ನೇ ಒಯ್ದು ಅದರ ಮೇಲಿನ ನಂಬರ್ ತೋರಿಸಿ. ಉದಾಹರಣೆಗೆ 30205 ಅಂದರೆ 25 ಮಿ.ಮೀ. ಒಳವ್ಯಾಸದ್ದು.

ಹೊಸ ಬೇರಿಂಗ್ ಹಾಕಿಯೂ ಬೇಗ ಹೋಗಲು ಬಹಳ ಸಲ ಕಾರಣ ಬೇರೆಯೇ ಇರುತ್ತದೆ. ಸ್ಟಬ್ ಆಕ್ಸಲ್ (ಹಬ್ ಕೂರುವ ಆಕ್ಸಲ್ ತುದಿ) ಮೇಲೆ ಸೀಲ್ ಉಜ್ಜುವ ಜಾಗದಲ್ಲಿ ತುಕ್ಕಿನ ಗೆರೆ ಬಿದ್ದಿದೆಯೇ ನೋಡಿ. ಸಣ್ಣ ಕಲೆಯಾದರೆ 400 ನಂಬರ್ ಎಮೆರಿ ಹಾಳೆಯಲ್ಲಿ ಉಜ್ಜಿದರೆ ಸಾಕು. ಉಗುರು ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ ಎಷ್ಟು ಹೊಸ ಸೀಲ್ ಹಾಕಿದರೂ ನೀರು ನಿಲ್ಲದು. ಅಲ್ಲಿ ಸ್ಲೀವ್ (ತೆಳು ಲೋಹದ ಕೊಳವೆ) ಕೂರಿಸಬೇಕು, ಇಲ್ಲವೇ ಸ್ಟಬ್ ಬದಲಾಯಿಸಬೇಕು. ಸೀಲ್ ಪ್ರತಿ ಸಲವೂ ಹೊಸದೇ ಇರಲಿ, ಎರಡು ಲಿಪ್‌ನದು (ಉಜ್ಜುವ ಅಂಚು ಎರಡಿರುವುದು) ಸಿಕ್ಕಿದರೆ ಒಳ್ಳೆಯದು.

ಗ್ರೀಸ್ ವಿಷಯದಲ್ಲಿ ನಾನು ಹೇಳುವುದು ಲಿಥಿಯಂ ಕಾಂಪ್ಲೆಕ್ಸ್ ಅಥವಾ ಕ್ಯಾಲ್ಸಿಯಂ ಸಲ್ಫೊನೇಟ್, ಗಟ್ಟಿತನದಲ್ಲಿ ಗ್ರೇಡ್ 2. ಎರಡನೆಯದು ಉಪ್ಪುನೀರಿಗೆ ಚೆನ್ನಾಗಿ ತಡೆಯುತ್ತದೆ. ಚಾಸಿಸ್ ಗ್ರೀಸ್ ಬೇಡ, ಬಿಸಿಗೆ ಕರಗಿ ಹರಿದುಹೋಗುತ್ತದೆ. ಅಂಗೈಯಲ್ಲಿ ಒಂದು ಮುದ್ದೆ ಇಟ್ಟು ಬೇರಿಂಗ್‌ನ ಅಗಲದ ಬದಿಯನ್ನು ಅದಕ್ಕೆ ಒತ್ತುತ್ತಾ ಹೋಗಿ, ಕಿರಿದಾದ ಬದಿಯ ರೋಲರ್ ಸಂದಿಗಳಿಂದ ಗ್ರೀಸ್ ಹೊರಬರುವ ತನಕ. ರಸ್ತೆಯಲ್ಲಷ್ಟೇ ಓಡುವ ಟ್ರೈಲರ್‌ಗೆ ಹಬ್‌ನ ಖಾಲಿ ಜಾಗದಲ್ಲಿ ಮೂರನೇ ಒಂದು ಭಾಗ ಗ್ರೀಸ್ ಸಾಕು. ನಿಮ್ಮದಕ್ಕೆ ಪೂರ್ತಿ ತುಂಬಿಸಿ. ಒಳಗೆ ಗಾಳಿಯೇ ಇಲ್ಲದಿದ್ದರೆ ಕುಗ್ಗಿ ನೀರೆಳೆಯಲು ಏನೂ ಉಳಿಯುವುದಿಲ್ಲ.

ನಟ್ ಬಿಗಿ ಮಾಡುವಾಗ ಚಕ್ರ ತಿರುಗಿಸುತ್ತಲೇ ಇರಿ. ಸ್ಪಾನರ್‌ನಲ್ಲಿ ಬಿಗಿ ಮಾಡಿ, ಪೂರ್ತಿ ಸಡಿಲಿಸಿ, ಮತ್ತೆ ಬೆರಳಿನಲ್ಲಷ್ಟೇ ಕೂರಿಸಿ. ನಟ್ ಬಿಚ್ಚದಂತೆ ತಡೆಯುವ ಪಿನ್‌ನ ತೂತು ಸೇರದಿದ್ದರೆ ಸಡಿಲದ ಕಡೆಗೇ ತಿರುಗಿಸಿ, ಹೊಸ ಸ್ಪ್ಲಿಟ್ ಪಿನ್ ಹಾಕಿ. ಆಟ (ಬೇರಿಂಗ್‌ನ ಸಡಿಲ) 0.03ರಿಂದ 0.12 ಮಿ.ಮೀ. ಇರಬೇಕು, ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಕೈಗೆ ಗೊತ್ತಾಗಿಯೂ ಗೊತ್ತಾಗದಷ್ಟು. ಹತ್ತು ಕಿಲೋಮೀಟರ್ ಓಡಿಸಿ ಹಬ್ ಮುಟ್ಟಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಬಿಗಿ ಹೆಚ್ಚಾಗಿದೆ.

ಜೂನ್, ಜುಲೈನಲ್ಲಿ ಟ್ರೈಲರ್ ಮೂಲೆ ಸೇರುವ ಮೊದಲೇ, ಮೇ ತಿಂಗಳಲ್ಲಿ, ಈ ಕೆಲಸ ಮುಗಿಸಿ. ಒಳಗೆ ನೀರಿದ್ದು ನಿಂತರೆ ರೋಲರ್ ಕಪ್‌ಗೆ ತಾಗಿದಲ್ಲೇ ತುಕ್ಕು ಕಚ್ಚುತ್ತದೆ. ಆಕ್ಸಲ್ ಕೆಳಗೆ ಕಲ್ಲು ಕೊಟ್ಟು ಚಕ್ರ ಎತ್ತಿಡಿ, ವಾರಕ್ಕೊಮ್ಮೆ ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ.