ಡಮ್ಮಿ ಇಂಜಿನ್ ಮುಂದೆ ಇರಬೇಕಾ, ಹಿಂದೆಯಾ?

ಪ್ರಶ್ನೆ: ನನ್ನ ಹತ್ತಿರ ಎಚ್‌ಓ ಅಳತೆಯ (ನಿಜವಾದ ರೈಲಿನ 87ನೇ ಒಂದು ಭಾಗದ ಗಾತ್ರದ) ಮೂರು ಮಾದರಿ ಡೀಸೆಲ್ ಇಂಜಿನ್‌ಗಳಿವೆ. ಎರಡಕ್ಕೆ ಮೋಟಾರ್ ಇದೆ, ಒಂದು ಮೋಟಾರ್ ಇಲ್ಲದ ಡಮ್ಮಿ. ಹಳಿಗೆ ಕರೆಂಟ್ ಕೊಡೋದು ಮಾಮೂಲಿ ಡಿಸಿ ಕಂಟ್ರೋಲರ್. ನೋಡೋಕೆ ಚೆಂದ ಅಂತ ಡಮ್ಮಿಯನ್ನು ಮುಂದೆ ಕಟ್ಟಿದರೆ ತಿರುವಿನಲ್ಲಿ ಹಳಿ ತಪ್ಪುತ್ತದೆ. ಮೂರನ್ನೂ ಹೇಗೆ ಜೋಡಿಸಲಿ? ಒಂದು ಇಂಜಿನ್ನನ್ನು ತಿರುಗಿಸಿ ಇಟ್ಟರೆ ಎರಡೂ ಎದುರುಬದುರು ಎಳೆದಾಡುತ್ತವಾ?
– ಓದುಗರು, ಶಿರಾ ಗೇಟ್, ತುಮಕೂರು

ಉತ್ತರ: ಎರಡು ಮೋಟಾರ್ ಇಂಜಿನ್ ಮುಂದೆ, ಡಮ್ಮಿ ಅವುಗಳ ಹಿಂದೆ, ಆಮೇಲೆ ಬೋಗಿಗಳು. ನಾನು ಬಂಗಾರಪೇಟೆಯ ನಮ್ಮ ಮನೆ ಮಹಡಿಯಲ್ಲಿ ಓಡಿಸುವುದು ಹೀಗೆಯೇ.

ನಾನು ಡೀಸೆಲ್ ಶೆಡ್‌ನಲ್ಲಿ ಫಿಟ್ಟರ್ ಆಗಿದ್ದವನು. ಸಕಲೇಶಪುರ ಘಾಟಿಯಲ್ಲಿ ಹಿಂದಿನಿಂದ ಇಂಜಿನ್ ತಳ್ಳುತ್ತದೆ, ನಮ್ಮದು ಮಾತ್ರ ಯಾಕೆ ಹಳಿ ತಪ್ಪುತ್ತೆ ಅಂತ ನಿಮಗೆ ಅನ್ನಿಸಬಹುದು. ನಿಜವಾದ ರೈಲಿನ ಒಂದು ಡಬ್ಲ್ಯೂಡಿಎಂ-3ಎ ಡೀಸೆಲ್ ಇಂಜಿನ್ನಿನ ತೂಕವೇ 112 ಟನ್‌ಗಿಂತ ಜಾಸ್ತಿ. ಅದು ಹಳಿ ಮೇಲೆ ಗಟ್ಟಿಯಾಗಿ ಕೂತಿರುತ್ತದೆ. ನಿಮ್ಮ ಡಮ್ಮಿ ಖಾಲಿ ಪ್ಲಾಸ್ಟಿಕ್ ಡಬ್ಬ. ಹಿಂದಿನಿಂದ ತಳ್ಳಿದರೆ ತಿರುವಿನಲ್ಲಿ ಅದರ ಚಕ್ರ ಹೊರಗಿನ ಹಳಿಯನ್ನು ಹತ್ತುತ್ತದೆ. ಎಳೆದರೆ ಸುಮ್ನೆ ಹಿಂದೆ ಬರುತ್ತದೆ.

ಅದಕ್ಕೆ ತೂಕ ಕೊಡಿ. ಅಮೆರಿಕದ ಮಾದರಿ ರೈಲು ಸಂಘ ಎನ್‌ಎಂಆರ್‌ಎ ಎಚ್‌ಓ ಬೋಗಿಗಳಿಗೆ ಒಂದು ಲೆಕ್ಕ ಹೇಳುತ್ತದೆ: ಮೊದಲು 28 ಗ್ರಾಂ, ಆಮೇಲೆ ಪ್ರತಿ ಇಂಚು ಉದ್ದಕ್ಕೆ 14 ಗ್ರಾಂ. ಡಮ್ಮಿಗೂ ಅದೇ ಸಾಕು. 8 ಇಂಚಿನದಾದರೆ ಡಬ್ಬದ ತೂಕವೂ ಸೇರಿ ಒಟ್ಟು ಸುಮಾರು 140 ಗ್ರಾಂ. ನಾನು ಟೈರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸ್ ಮಾಡುವಾಗ ತೆಗೆದುಹಾಕಿದ ಸೀಸದ ತುಂಡು ಕೇಳಿ ತಂದೆ. ಆದಷ್ಟು ಕೆಳಗೆ, ಎರಡೂ ತುದಿಗೆ ಸಮನಾಗಿ ಅಂಟಿಸಿ. ಸೀಸ ಮುಟ್ಟಿದ ಕೈ ಸೋಪು ಹಾಕಿ ತೊಳೆಯಿರಿ, ಮನೆಯಲ್ಲಿ ಮಕ್ಕಳಿರುತ್ತಾರೆ ಅಲ್ವಾ.

ಇನ್ನು ಮೋಟಾರ್ ಇರುವ ಎರಡರ ವಿಷಯ. ನಿಜವಾದ ಕಷ್ಟ ಇಲ್ಲಿದೆ. ಎರಡನ್ನೂ ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ. ಆಮೇಲೆ ಕಪ್ಲಿಂಗ್ ಹಾಕದೆ, ನಡುವೆ ಒಂದು ಅಡಿ ಬಿಟ್ಟು ಒಂದೇ ಹಳಿಯಲ್ಲಿ ಬಿಡಿ. ನಾಲ್ಕೈದು ಸುತ್ತು ಹೋದರೂ ಆ ಅಂತರ ಹೆಚ್ಚುಕಮ್ಮಿ ಹಾಗೇ ಇದ್ದರೆ ಜೋಡಿ ಸರಿಯಾಗಿದೆ. ನಿಧಾನ, ಮಧ್ಯಮ, ಜೋರು, ಮೂರು ವೇಗದಲ್ಲೂ ನೋಡಿ. ಸ್ವಲ್ಪ ವ್ಯತ್ಯಾಸ ಇದ್ದರೆ ವೇಗದ್ದನ್ನು ಮುಂದೆ ಹಾಕಿ, ಕಪ್ಲಿಂಗ್ ಬಿಗಿಯಾಗಿ ಎಳೆದುಕೊಂಡಿರುತ್ತದೆ. ಒಂದು ಸುತ್ತಿಗೇ ಹಿಂದಿನದು ಮುಂದಿನದನ್ನು ಮುಟ್ಟಿಬಿಟ್ಟರೆ ಆ ಎರಡನ್ನು ಸೇರಿಸಲೇಬೇಡಿ. ಒಂದು ಎಳೆಯುತ್ತದೆ, ಇನ್ನೊಂದು ಬ್ರೇಕ್ ಹಿಡಿದ ಹಾಗೆ ತಡೆಯುತ್ತದೆ. ಚಕ್ರ ಜಾರುತ್ತದೆ, ಮೋಟಾರ್ ಸುಡುತ್ತದೆ. ನಾನು ಹಾಗೆ ಹಟ ಮಾಡಿ ಒಂದು ಒಳ್ಳೆಯ ಮೋಟಾರ್ ಕಳೆದುಕೊಂಡೆ. ಇಂದಿಗೂ ಬೇಜಾರಿದೆ.

ತಿರುಗಿಸಿ ಇಡುವ ಬಗ್ಗೆ ಹೆದರಬೇಡಿ. ಡಿಸಿಯಲ್ಲಿ ಯಾವ ಹಳಿಗೆ ಪ್ಲಸ್ ಬಂದಿದೆ ಅನ್ನುವುದೇ ದಿಕ್ಕು ಹೇಳುತ್ತದೆ, ಇಂಜಿನ್ನಿನ ಮುಖ ಅಲ್ಲ. ಎರಡೂ ಒಂದೇ ಕಡೆ ಓಡುತ್ತವೆ. ಮುಂದೆ ಡಿಸಿಸಿಗೆ, ಅಂದರೆ ಪ್ರತಿ ಇಂಜಿನ್ನಿಗೂ ಬೇರೆಬೇರೆ ಡಿಜಿಟಲ್ ಆದೇಶ ಕೊಡುವ ವ್ಯವಸ್ಥೆಗೆ ಹೋದರೆ ಮಾತ್ರ ತಿರುಗಿಸಿದ ಇಂಜಿನ್ನಿನ ದಿಕ್ಕನ್ನು ಅದರೊಳಗಿನ ಡಿಕೋಡರಿನಲ್ಲಿ (ಆ ಆದೇಶ ಓದುವ ಚಿಪ್ಪಿನಲ್ಲಿ) ಬದಲಿಸಬೇಕು.

ರೈಲನ್ನು ಹಿಂದಕ್ಕೆ ಓಡಿಸುವಾಗ ನಡುವಿನ ಡಮ್ಮಿ ಒತ್ತಡಕ್ಕೆ ಸಿಗುತ್ತದೆ. ಆಗ ನಿಧಾನವಾಗಿ ಹೋಗಿ, ಹಳಿ ಕವಲೊಡೆಯುವ ಪಾಯಿಂಟ್ಸ್ ಮೇಲೆ ಇನ್ನೂ ನಿಧಾನ. ಮೊದಲ ದಿನ ಕಣ್ಣನ್ನು ಹಳಿಯ ಮಟ್ಟಕ್ಕೆ ತಂದು ಡಮ್ಮಿಯ ಚಕ್ರ ಮಾತ್ರ ನೋಡಿ. ಎಲ್ಲಿ ಏಳುತ್ತದೋ ಆ ಜಾಗದ ಹಳಿ ಜೋಡಣೆಯನ್ನು ಒಮ್ಮೆ ಬೆರಳಿನಿಂದ ಸವರಿ ನೋಡಿ.