ಮಧ್ಯಾಹ್ನ ಮೂರೂವರೆಯ ರಿಪೋರ್ಟ್ ಹಿಡಿದು ಇಂಜೆಕ್ಷನ್ ಬೇಡ

ಪ್ರಶ್ನೆ: ಮೇಡಂ, ನನಗೆ 42 ವರ್ಷ. ಕೊಬ್ಬರಿ ವ್ಯಾಪಾರ. ಶುಗರ್ ಬಂದು ಐದು ವರ್ಷ ಆಯ್ತು, ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ತೂಕ 91 ಕೆಜಿ. ದಿನಕ್ಕೆ ಏಳೆಂಟು ಸಿಗರೇಟ್ ಸೇದುತ್ತೇನೆ. ಒಂದು ವರ್ಷದಿಂದ ಹೆಂಡತಿ ಜೊತೆ ಸೇರುವಾಗ ಗಡುಸುತನ ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ. ಆಸೆ ಮಾತ್ರ ಮೊದಲಿನಂತೆಯೇ ಇದೆ. ಮೊನ್ನೆ ಯಾರ್ಡ್‌ನಲ್ಲಿ ಹರಾಜು ಮುಗಿಸಿ, ಊಟ ಮಾಡಿ, ಮಧ್ಯಾಹ್ನ ಮೂರೂವರೆಗೆ ಲ್ಯಾಬ್‌ಗೆ ಹೋಗಿ ಟೆಸ್ಟೋಸ್ಟಿರಾನ್ ಪರೀಕ್ಷೆ ಮಾಡಿಸಿದೆ. 268 ಬಂತು. ಜಿಮ್‌ಗೆ ಹೋಗುವ ಸ್ನೇಹಿತ, 'ಹದಿನೈದು ದಿನಕ್ಕೊಂದು ಇಂಜೆಕ್ಷನ್ ಹಾಕಿಸ್ಕೋ, ಸರಿಹೋಗುತ್ತೆ' ಎನ್ನುತ್ತಾನೆ. ಆರು ವರ್ಷದ ಮಗಳಿದ್ದಾಳೆ. ಇನ್ನೊಂದು ಮಗು ಬೇಕು ಅಂತ ಇಬ್ಬರಿಗೂ ಇದೆ. ಇಂಜೆಕ್ಷನ್ ತೆಗೆದುಕೊಳ್ಳಲೇ? ಹೆಂಡತಿಗೆ ರಿಪೋರ್ಟ್ ತೋರಿಸಿಲ್ಲ.
— ಹೆಸರು ಬೇಡ, ತಿಪಟೂರು

ಉತ್ತರ: ದಯವಿಟ್ಟು ತೆಗೆದುಕೊಳ್ಳಬೇಡಿ. ಇನ್ನೊಂದು ಮಗು ಬೇಕು ಎಂಬ ಮಾತು ಓದಿದ ಕೂಡಲೇ, ಬೇರೆ ಪತ್ರಗಳನ್ನು ಪಕ್ಕಕ್ಕಿಟ್ಟು ನಿಮಗೆ ಬರೆಯುತ್ತಿದ್ದೇನೆ.

ಟೆಸ್ಟೋಸ್ಟಿರಾನ್ ಗಂಡಸರ ಹಾರ್ಮೋನ್ ತಾನೇ, ಹಾಕಿಸಿಕೊಂಡರೆ ವೀರ್ಯವೂ ಚೆನ್ನಾಗಿ ಆಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಆಗುವುದು ತದ್ವಿರುದ್ಧ. ಹೊರಗಿನಿಂದ ಹಾರ್ಮೋನ್ ಬಂದಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ 'ಮನೆಯಲ್ಲಿ ಸಾಕಷ್ಟಿದೆ' ಅಂದುಕೊಂಡು ಬೀಜಗಳಿಗೆ ಕಳಿಸುವ ಸೂಚನೆ ನಿಲ್ಲಿಸುತ್ತದೆ. ಬೀಜಗಳು ಕೆಲಸ ಬಿಡುತ್ತವೆ. ವೀರ್ಯಾಣುಗಳು ಕಡಿಮೆಯಾಗುತ್ತವೆ, ಕೆಲವರಲ್ಲಿ ಪೂರ್ತಿ ಸೊನ್ನೆ. ಮಕ್ಕಳಾಗಿಲ್ಲ ಅಂತ ನನ್ನ ಹತ್ತಿರ ಬಂದ ಒಬ್ಬ ಹುಡುಗ ಮೈಕಟ್ಟಿಗೆ ಅಂತ ಇದೇ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದ. ವೀರ್ಯ ಪರೀಕ್ಷೆಯಲ್ಲಿ ಒಂದೇ ಒಂದು ವೀರ್ಯಾಣು ಇರಲಿಲ್ಲ. ನಿಲ್ಲಿಸಿದ ಮೇಲೆ ಮತ್ತೆ ಕಾಣಿಸಿಕೊಳ್ಳಲು ಹನ್ನೊಂದು ತಿಂಗಳು ಹಿಡಿಯಿತು. ಆ ಹನ್ನೊಂದು ತಿಂಗಳು ಅವನ ಹೆಂಡತಿ ಎಷ್ಟು ಮಾತು ಕೇಳಿದಳು ಅಂತ ನನಗೆ ಗೊತ್ತು.

ಇನ್ನು ನಿಮ್ಮ 268. ಈ ಹಾರ್ಮೋನ್ ಬೆಳಿಗ್ಗೆ ಹೆಚ್ಚಿರುತ್ತದೆ, ಹೊತ್ತೇರಿದಂತೆ ಇಳಿಯುತ್ತದೆ. ಊಟ ಆದ ಮೇಲೆ ಇನ್ನಷ್ಟು ಇಳಿಯುತ್ತದೆ. ನೀವು ಎರಡೂ ಮಾಡಿ ಹೋಗಿದ್ದೀರಿ. ಹರಾಜಿಲ್ಲದ ದಿನ, ಚೆನ್ನಾಗಿ ನಿದ್ದೆ ಮಾಡಿ, ಬೆಳಿಗ್ಗೆ ಹತ್ತರೊಳಗೆ ಖಾಲಿ ಹೊಟ್ಟೆಯಲ್ಲಿ ಹೋಗಿ. ಬೇರೆ ದಿನ ಮತ್ತೊಮ್ಮೆ ಹೋಗಿ. ಎರಡೂ ಸಲ 300ಕ್ಕಿಂತ ಕಡಿಮೆ ಬಂದು, ತೊಂದರೆಯೂ ಇದ್ದರೆ ಆಗ ಕೊರತೆ ಅನ್ನಬಹುದು. ಅಮೆರಿಕದ ಯೂರಾಲಜಿ (ಮೂತ್ರರೋಗ ತಜ್ಞರ) ಸಂಘ 2018ರಲ್ಲಿ ಇಟ್ಟ ಗೆರೆ ಇದು. ಹೊಟ್ಟೆ ಬಂದವರಲ್ಲಿ, ಶುಗರ್ ಇರುವವರಲ್ಲಿ ಇನ್ನೊಂದು ತೊಡಕಿದೆ. ಹಾರ್ಮೋನನ್ನು ರಕ್ತದಲ್ಲಿ ಹೊತ್ತೊಯ್ಯುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನ್ ಇವರಲ್ಲಿ ಕಡಿಮೆ ಇರುತ್ತದೆ. ಹಾಗಾಗಿ ಒಟ್ಟು ಲೆಕ್ಕ ಕಡಿಮೆ ತೋರಿಸಿದರೂ ಮೈಗೆ ಸಿಗುವ ಹಾರ್ಮೋನ್ ಸರಿಯಾಗೇ ಇರಬಹುದು. ಎಸ್‌ಎಚ್‌ಬಿಜಿ, ಪಿಟ್ಯುಟರಿ ಬೀಜಗಳಿಗೆ ಸೂಚನೆ ಕಳಿಸುವ ಹಾರ್ಮೋನ್ ಎಲ್‌ಎಚ್, ಅದೇ ಗ್ರಂಥಿಯ ಇನ್ನೊಂದು ಹಾರ್ಮೋನ್ ಪ್ರೊಲ್ಯಾಕ್ಟಿನ್, ಮೂರನ್ನೂ ನೋಡಿಸಿ. ಪ್ರೊಲ್ಯಾಕ್ಟಿನ್ ತುಂಬಾ ಜಾಸ್ತಿ ಇದ್ದರೆ ಪಿಟ್ಯುಟರಿಯಲ್ಲಿ ಗಡ್ಡೆ ಇರಬಹುದು. ಇಂಜೆಕ್ಷನ್ ಹಾಕಿಸಿಕೊಂಡು ಕೂತರೆ ಅದು ಗೊತ್ತೇ ಆಗುವುದಿಲ್ಲ.

ಆಸೆ ಮೊದಲಿನಂತೆಯೇ ಇದೆ ಎಂದಿದ್ದೀರಿ. ಟೆಸ್ಟೋಸ್ಟಿರಾನ್ ನಿಜವಾಗಿ ಕಡಿಮೆಯಾದವರಲ್ಲಿ ಸಾಮಾನ್ಯವಾಗಿ ಮೊದಲು ಕುಗ್ಗುವುದು ಆಸೆಯೇ. ನನಗೆ ಅನುಮಾನ ಇರುವುದು ನಿಮ್ಮ ರಕ್ತನಾಳಗಳ ಮೇಲೆ. ನಿಮಿರುವುದು ಅಂದರೆ ರಕ್ತ ತುಂಬಿ ಅಲ್ಲೇ ನಿಲ್ಲುವುದು. ಆ ನಾಳಗಳು ಒಂದೆರಡು ಮಿಲಿಮೀಟರ್ ದಪ್ಪ, ಹೃದಯದ ನಾಳಗಳು ಮೂರು ನಾಲ್ಕು ಮಿಲಿಮೀಟರ್. ಶುಗರ್ ಮತ್ತು ಸಿಗರೇಟ್ ಸೇರಿ ನಾಳ ಕೆಡಿಸುತ್ತಿದ್ದರೆ ಸಣ್ಣದು ಮೊದಲು ಕೈಕೊಡುತ್ತದೆ. ಹೃದಯದ ತೊಂದರೆ ಎರಡು ಮೂರು ವರ್ಷದ ನಂತರ ಬರಬಹುದು. ನೀವು ನಾಚಿಕೊಂಡು ಮುಚ್ಚಿಟ್ಟಿರುವುದು ಹೃದಯ ಕೊಟ್ಟ ಮುನ್ಸೂಚನೆ ಆಗಿರಬಹುದು, ಅಲ್ವಾ? ಮೂರು ತಿಂಗಳ ಸರಾಸರಿ ಶುಗರ್ ಎಷ್ಟಿದೆ ಅಂತ ಪತ್ರದಲ್ಲಿ ಬರೆದಿಲ್ಲ. ಅದು, ಬಿಪಿ, ಕೊಲೆಸ್ಟ್ರಾಲ್, ಇಸಿಜಿ ಈ ವಾರವೇ ಆಗಲಿ. ಬಿಪಿ ಮಾತ್ರೆ ಏನಾದರೂ ನುಂಗುತ್ತಿದ್ದರೆ ಹೆಸರು ಬರೆದುಕೊಂಡು ಹೋಗಿ, ಕೆಲವು ಈ ತೊಂದರೆ ತರುತ್ತವೆ.

ಸಿಗರೇಟ್ ಬಿಡಿ. ತೂಕ ಇಳಿಸಿ. ಕೊಬ್ಬಿನ ಅಂಗಾಂಶ ಟೆಸ್ಟೋಸ್ಟಿರಾನನ್ನು ಈಸ್ಟ್ರೋಜನ್ ಆಗಿ ಬದಲಿಸುತ್ತದೆ, ಹೊಟ್ಟೆ ಕರಗಿದರೆ ಹಾರ್ಮೋನ್ ತಾನಾಗೇ ಏರುತ್ತದೆ.

ಅಲ್ಲಿಯವರೆಗೆ ಕಾಯುತ್ತಾ ಕೂರಬೇಕಾಗಿಲ್ಲ. ಗಡುಸುತನಕ್ಕೆ ನೆರವಾಗುವ ಸಿಲ್ಡೆನಾಫಿಲ್ (ವಯಾಗ್ರ) ಮಾತ್ರೆ 1998ರಿಂದ ಇದೆ, ಶುಗರ್ ಇರುವವರಲ್ಲೂ ಬಹಳ ಜನಕ್ಕೆ ಕೆಲಸ ಮಾಡುತ್ತದೆ. ಡಾಕ್ಟರ್ ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಿ. ಸೇರುವ ಒಂದು ಗಂಟೆ ಮೊದಲು ನುಂಗಬೇಕು. ಬಿರಿಯಾನಿ ತಿಂದ ಮೇಲೆ ನುಂಗಿದರೆ ತಡವಾಗುತ್ತದೆ. ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್‌ನಂಥ ಎದೆನೋವಿನ ಮಾತ್ರೆ ಜೊತೆ ಮಾತ್ರ ಎಂದಿಗೂ ಕೂಡದು, ಬಿಪಿ ಕುಸಿದು ಪ್ರಾಣಕ್ಕೆ ಅಪಾಯ. ಟೆಸ್ಟೋಸ್ಟಿರಾನ್ ಕಡಿಮೆ ಇದ್ದವರಿಗೆ ಸಿಲ್ಡೆನಾಫಿಲ್ ಜೊತೆ ಟೆಸ್ಟೋಸ್ಟಿರಾನನ್ನೂ ಸೇರಿಸಿ ನೋಡಿದ 2012ರ ಒಂದು ಅಧ್ಯಯನದಲ್ಲಿ, ಬರೀ ಮಾತ್ರೆಗಿಂತ ಜಾಸ್ತಿ ಲಾಭ ಸಿಗಲಿಲ್ಲ.

ಎರಡು ಬೆಳಗಿನ ರಿಪೋರ್ಟ್‌ನಲ್ಲೂ ಕೊರತೆ ಕಂಡರೆ? ಚಿಕಿತ್ಸೆ ಇದೆ. ಐದು ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಟ್ರಾವರ್ಸ್ ಅಧ್ಯಯನ 2023ರಲ್ಲಿ ಬಂತು. ಟೆಸ್ಟೋಸ್ಟಿರಾನ್‌ನಿಂದ ಹೃದಯಾಘಾತ ಹೆಚ್ಚಾಗಲಿಲ್ಲ ಎಂಬುದು ಸಮಾಧಾನದ ಸಂಗತಿ. ಆದರೆ ಎದೆಬಡಿತ ಏರುಪೇರಾಗುವುದು, ಶ್ವಾಸಕೋಶಕ್ಕೆ ಹೆಪ್ಪುಗಟ್ಟಿದ ರಕ್ತ ಹೋಗುವುದು ಸ್ವಲ್ಪ ಜಾಸ್ತಿ ಕಂಡಿತು. ಅದಕ್ಕೇ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆ), ರಕ್ತದ ದಪ್ಪ ನೋಡುತ್ತಾ ಕೊಡಬೇಕಾದ ಔಷಧಿ ಇದು. ಮಗು ಬೇಕೆನ್ನುವವರಿಗೆ ಬೀಜಗಳೇ ಕೆಲಸ ಮಾಡುವಂತೆ ಎಬ್ಬಿಸುವ ಬೇರೆ ಔಷಧಿಗಳಿವೆ. ಅದನ್ನು ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಅಥವಾ ಯೂರಾಲಜಿಸ್ಟ್ ನೋಡಿಯೇ ಕೊಡಬೇಕು.

ಅವರ ಹತ್ತಿರ ಹೋಗುವಾಗ ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಿ. ಇಷ್ಟು ವರ್ಷದಲ್ಲಿ ಎಷ್ಟೋ ಹೆಂಗಸರು ನನ್ನೆದುರು ಕೂತು ಅತ್ತಿದ್ದಾರೆ, 'ಅವರಿಗೆ ನನ್ನ ಮೇಲೆ ಮನಸ್ಸಿಲ್ಲ ಮೇಡಂ' ಅಂತ. ಗಂಡ ಸುಮ್ನೆ ಗೋಡೆ ಕಡೆ ತಿರುಗಿ ಮಲಗಿದರೆ ಅವರು ಇನ್ನೇನು ಅಂದುಕೊಳ್ಳಬೇಕು? ಇವತ್ತು ರಾತ್ರಿ ಮಗಳು ಮಲಗಿದ ಮೇಲೆ ಆ ರಿಪೋರ್ಟ್ ಅವರ ಕೈಗೆ ಕೊಡಿ.